ಹಡಗಿನ ಸೀಟಿಯಲ್ಲಿ ಮುಳುಗಿದ ಮಾತು

ಕೊನೆಗೂ ‘ಆನ್ ದಿ ವಾಟರ್‌ಫ್ರಂಟ್’ ನೋಡಿದೆ. 1954ರ ಸಿನಿಮಾ. ಟ್ಯಾಕ್ಸಿಯಲ್ಲಿ ಮರ್ಲಾನ್ ಬ್ರಾಂಡೊ ಅಣ್ಣನ ಹತ್ತಿರ ಹೊಟ್ಟೆಯ ಸಂಕಟ ಹೇಳಿಕೊಳ್ಳುವ ದೃಶ್ಯವನ್ನು ತುಣುಕಾಗಿ ಎಷ್ಟು ಸಲ ನೋಡಿದ್ದೆ ಅಂದ್ರೆ, ಪೂರ್ತಿ ಸಿನಿಮಾ ನೋಡಿದವನ ಹಾಗೇ ಓಡಾಡಿಕೊಂಡಿದ್ದೆ. ಆ ದೃಶ್ಯ ಬಂದಾಗ ಏನೂ ಆಗಲಿಲ್ಲ. ಸವೆದು ಹೋಗಿತ್ತು, ಪಾಪ.

ಹಿಡಿದು ಕೂರಿಸಿದ್ದು ಬೇರೆ. ಬಂದರಿನಲ್ಲಿ ಸರಕು ಇಳಿಸುವವರ ಕಥೆ ಇದು. ಯೂನಿಯನ್ ಗೂಂಡಾಗಳ ಕೈಯಲ್ಲಿದೆ. ಕೆಲಸ ಹಂಚುವವನು ಬಿಲ್ಲೆಗಳನ್ನು ನೆಲಕ್ಕೆ ಎಸೆಯುತ್ತಾನೆ. ಬಿಲ್ಲೆ ಸಿಕ್ಕವನಿಗೆ ಅವತ್ತಿನ ಕೂಲಿ. ವಯಸ್ಸಾದವರೂ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುತ್ತಾರೆ. ಅಮೆರಿಕದ ಬಂದರು ಊರು ಹೊಬೊಕೆನ್‌ನ ಚಳಿಗಾಲದಲ್ಲೇ ಶೂಟಿಂಗ್ ಮಾಡಿದ್ದು. ಅವರ ಬಾಯಿಂದ ಬರುವ ಹಬೆ ನಿಜವಾದದ್ದು.

ಅಲ್ಲಿ ಎಲ್ಲರೂ ‘ಡಿ ಅಂಡ್ ಡಿ’. ಅಂದರೆ ಕಿವುಡರು, ಮೂಗರು. ಗೂಂಡಾಗಳ ವಿರುದ್ಧ ಬಾಯಿ ಬಿಡಲು ಹೊರಟ ಜೋಯಿ ಅನ್ನುವವನು ತಾರಸಿಯಿಂದ ಕೆಳಗೆ ಬೀಳುತ್ತಾನೆ. ಪಾರಿವಾಳದ ನೆಪ ಹೇಳಿ ಅವನನ್ನು ಮೇಲೆ ಕಳಿಸಿದ್ದು ನಮ್ಮ ಹೀರೊ ಟೆರ್ರಿ, ಅಂದರೆ ಬ್ರಾಂಡೊ. ಆಮೇಲೆ ಅವನಿಗೆ ಜೋಯಿಯ ಒಡಹುಟ್ಟಿದವಳ ಮೇಲೇ ಮನಸ್ಸಾಗುತ್ತದೆ.

ಒಂದು ದಿನ ಅವಳಿಗೆ ಎಲ್ಲಾ ಹೇಳಿಬಿಡುತ್ತಾನೆ. ಆದರೆ ನಮಗೆ ಕೇಳಿಸುವುದಿಲ್ಲ! ಹಡಗಿನ ಸೀಟಿ ಕಿವಿ ಹರಿಯುವ ಹಾಗೆ ಕೂಗುತ್ತದೆ. ಅವನ ತುಟಿ ಅಲ್ಲಾಡುತ್ತದೆ, ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ. ಬಾಯಿ ಬಿಡಬೇಕೋ ಬೇಡವೋ ಅನ್ನುವುದೇ ಇಡೀ ಕಥೆ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಮಾತನ್ನೇ ನುಂಗಿ ಹಾಕಿದ್ದಾರೆ. ಹಿಂದೆ ಹೋಗಿ ಮತ್ತೆರಡು ಸಲ ನೋಡಿದೆ.

ಇನ್ನೊಂದು ವಿಷಯ ಹೇಳದಿದ್ದರೆ ಸರಿಯಾಗಲ್ಲ. ನಿರ್ದೇಶಕ ಎಲಿಯಾ ಕಜಾನ್ 1952ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ಹಿಂದೆ ತನ್ನ ಜೊತೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದ ಎಂಟು ಜನರ ಹೆಸರು ಹೇಳಿದ್ದ. ಚಿತ್ರಕಥೆ ಬರೆದ ಬಡ್ ಶುಲ್‌ಬರ್ಗ್ ಕೂಡ ಹೆಸರು ಹೇಳಿದವನೇ. ಸಿನಿಮಾದಲ್ಲಿ ಟೆರ್ರಿ ಕೊನೆಗೆ ಗೂಂಡಾಗಳ ವಿರುದ್ಧ ಸಾಕ್ಷಿ ಹೇಳುತ್ತಾನೆ. ಹಾಗಾಗಿ ಆ ಸಾಕ್ಷಿಯಲ್ಲಿ ಕಜಾನ್‌ನ ಸಮರ್ಥನೆ ಇದೆ ಅಂತ ಜನ ಹೇಳುತ್ತಲೇ ಬಂದಿದ್ದಾರೆ. ನನಗಂತೂ ಆ ಸಮರ್ಥನೆ ಒಪ್ಪಿಗೆಯಾಗಲಿಲ್ಲ. ಟೆರ್ರಿ ತೋರಿಸಿಕೊಟ್ಟದ್ದು ಕೊಲೆಗಡುಕರನ್ನು. ಕಜಾನ್ ತೋರಿಸಿಕೊಟ್ಟದ್ದು ಹಳೆಯ ಗೆಳೆಯರನ್ನು. ಎರಡೂ ಒಂದೇ ಹೇಗಾಗುತ್ತೆ? 1999ರಲ್ಲಿ ಅವನಿಗೆ ಗೌರವ ಆಸ್ಕರ್ ಕೊಟ್ಟಾಗ ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟದೆ ಸುಮ್ನೆ ಕೂತಿದ್ದರು. ನಾನಿದ್ದಿದ್ದರೂ ಬಹುಶಃ ಕೂತೇ ಇರುತ್ತಿದ್ದೆ.

ಆದರೂ ಆ ಸೀಟಿಯ ದೃಶ್ಯ ನೋಡಿ. ಸಮರ್ಥನೆ ಮಾಡಿಕೊಳ್ಳುವವನು ಅಲ್ಲಿ ಉದ್ದುದ್ದ ಮಾತಾಡಿಸಬೇಕಿತ್ತು ಅಲ್ವಾ?

ಕೊನೆಯನ್ನು ಎಲ್ಲರೂ ಗೆಲುವು ಅನ್ನುತ್ತಾರೆ. ಏಟು ತಿಂದ ಟೆರ್ರಿ ತೂರಾಡುತ್ತಾ ನಡೆಯುತ್ತಾನೆ, ಕೂಲಿಗಳು ಅವನ ಹಿಂದೆ ಹೋಗುತ್ತಾರೆ. ಬಾಗಿಲಲ್ಲಿ ಕೋಟು, ಹ್ಯಾಟು ಹಾಕಿದ ಮಾಲೀಕ ಕಾಯುತ್ತಿದ್ದಾನೆ. ಸರಿ, ಕೆಲಸ ಶುರು ಮಾಡಿ ಅನ್ನುತ್ತಾನೆ. ಇಷ್ಟು ಹೊತ್ತು ಎಲ್ಲಿದ್ದನೋ ಮಹರಾಯ! ಟೆರ್ರಿಯ ಬಾಯಲ್ಲಿ ಮಾತಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ದೊಡ್ಡ ಬಾಗಿಲು ಮೇಲಿನಿಂದ ಇಳಿದು ಮುಚ್ಚಿಕೊಳ್ಳುತ್ತದೆ.