ನೋಹನನ್ನು ಹುಡುಕಿದರೆ ಮನೋಹರ

ಕೇರಳಕ್ಕೆ ಸೇರಿದ ಕಾಸರಗೋಡಿನ ಕುಂಬಳೆ, ಮಂಜೇಶ್ವರದ ಕಡೆ ಮನೆಯಲ್ಲೇ ಮಕ್ಕಳಿಗೆ ಬೈಬಲ್ ಪಾಠ ಹೇಳಲು ಸಾಫ್ಟ್‌ವೇರ್ ತೆರೆದವರಿಗೆ ಮೊದಲು ಎದುರಾಗುವ ವೈರಿ ಸೈತಾನನಲ್ಲ, ಕೀಬೋರ್ಡು. ಇಲ್ಲಿನ ಫೋನಿನಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಉಂಟು. ಶಾಲೆಯ ಗ್ರೂಪಿಗೆ ಮಲಯಾಳದಲ್ಲಿ ಉತ್ತರ ಬರೆದವರು ಭಾಷೆ ಬದಲಿಸಲು ಮರೆತರೆ ಮುಗಿಯಿತು. ಜಲಪ್ರಳಯದಲ್ಲಿ ನಾವೆ ಕಟ್ಟಿ ಪ್ರಾಣಿಗಳನ್ನು ಉಳಿಸಿದವನನ್ನು ಹುಡುಕಲು ಮಗು ಮೈಕ್ ಒತ್ತಿ "ನೋಹ" ಅನ್ನುತ್ತದೆ, ಫೋನು ಅದನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತದೆ, ಕನ್ನಡ ಪಠ್ಯದಲ್ಲಿ ಸಿಗುವುದು ಸೊನ್ನೆ. "ಅಮ್ಮಾ, ಬೈಬಲಲ್ಲಿ ನೋಹನೇ ಇಲ್ಲವಂತೆ!"

ಲಿಪಿ ಸರಿಮಾಡಿದರೂ ನೋಹ ಸುಲಭಕ್ಕೆ ಸಿಗುವ ಆಸಾಮಿ ಅಲ್ಲ. ಹುಡುಕುವಲ್ಲಿ 'ಪೂರ್ಣ ಪದ' ಎಂಬ ಆಯ್ಕೆಗೆ ಟಿಕ್ ಬಿದ್ದಿದ್ದರೆ ನೋಹನು, ನೋಹನಿಗೆ, ನೋಹನೊಂದಿಗೆ ಎಲ್ಲರೂ ಹೊರಗೆ. ವಂಶಾವಳಿಯಲ್ಲಿ ಪ್ರತ್ಯಯವಿಲ್ಲದೆ ಒಂಟಿಯಾಗಿ ನಿಂತ ನೋಹ ಮಾತ್ರ ಒಳಗೆ. ಟಿಕ್ ತೆಗೆದರೆ ಜಲಪ್ರಳಯ: ಬೈಬಲಿನ ಇನ್ನೊಂದು ಪುಸ್ತಕವಾದ ಪರಮಗೀತದ 'ಮನೋಹರ'ನೂ ಬಂದು ನಾವೆ ಹತ್ತುತ್ತಾನೆ, ಅವನ ಹೊಟ್ಟೆಯಲ್ಲೇ 'ನೋಹ' ಇದ್ದಾನಲ್ಲ! ಉಪಾಯವೆಂದರೆ ಟಿಕ್ ತೆಗೆದು 'ನೋಹನ' ಎಂದು ಹುಡುಕುವುದು. ಕಂಪ್ಯೂಟರಿಗೆ 'ನು', 'ನಿ', 'ನೊ' ಎಲ್ಲವೂ 'ನ'ದ ಮೇಲೆ ಸ್ವರದ ಗುರುತು ಕೂತದ್ದು ಅಷ್ಟೆ. ಹಾಗಾಗಿ ವಿಭಕ್ತಿಗಳೆಲ್ಲ ಬರುತ್ತವೆ, ಮನೋಹರ ದಡದಲ್ಲೇ ಉಳಿಯುತ್ತಾನೆ.

ಯೇಸು ಹೇಳಿದ ಕಳೆದುಹೋದ ಕುರಿಯ ಸಾಮ್ಯದಲ್ಲಿ (ನೀತಿಕಥೆಯಲ್ಲಿ) ಕುರಿ ನಿಜವಾಗಿಯೂ ಕಳೆದುಹೋಗುತ್ತದೆ. 'ಕುರಿ' ಎಂದು ಹೊಡೆದರೆ 'ಅವನ ಕುರಿತು', 'ಇದರ ಕುರಿತು' ಎಂಬ ಸಾಲುಗಳ ಹಿಂಡೇ ಬರುತ್ತದೆ. ಹುಡುಕುವ ವ್ಯಾಪ್ತಿಯನ್ನು ಆ ಕಥೆ ಇರುವ ಲೂಕನ 15ನೇ ಅಧ್ಯಾಯಕ್ಕೆ ಕಟ್ಟಿಹಾಕಿ. ನರಿಯ ಪಾಡಂತೂ ಹೇಳುವುದೇ ಬೇಡ, 'ಜನರಿಗೆ' ಎಂಬಲ್ಲೆಲ್ಲ ಒಂದೊಂದು ನರಿ ಅಡಗಿದೆ. 'ನರಿಗಳ' ಎಂದು ಬಹುವಚನದಲ್ಲಿ ಕರೆದರೆ ಅಸಲಿಗಳು ಬರುತ್ತವೆ.

ನೋಹನ ಮಗ ಶೇಮ್‌ನದ್ದು ಬೇರೆಯೇ ರೋಗ, 'ಶೇಮ್‌ನ' ಎಂದು ಹುಡುಕಿದರೆ ಸಿಗುವುದಿಲ್ಲ. ಅರ್ಧ 'ಮ' ಮತ್ತು 'ನ' ಒಂದಕ್ಕೊಂದು ಅಂಟದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಟ್ಟಿರುತ್ತಾರೆ. ನೀವು ಟೈಪ್ ಮಾಡುವಾಗ ಅದು ಬಿದ್ದಿಲ್ಲವಾದರೆ ಅದು 'ಶೇಮ್ನ' ಆಗುತ್ತದೆ, ಉತ್ತರ ಪುನಃ ಸೊನ್ನೆ. 'ಶೇಮ' ಎಂದಷ್ಟೇ ಬರೆದು ಹುಡುಕಿ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಸ್ಟ್ರಾಂಗ್ ಸಂಖ್ಯೆ ಇದೆ. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಮೂಲಭಾಷೆಯ ಪದಗಳಿಗೆ ಒಂದೊಂದು ನಂಬರ್ ಕೊಟ್ಟ ಪದಕೋಶ ತಂದರು. ಹೀಬ್ರೂವಿಗೆ 8674, ಗ್ರೀಕಿಗೆ 5624. ಹೀಬ್ರೂ 5146 ಅಂದರೆ ನೋಹ, ಮನೋಹರನಿಗೆ ಅಲ್ಲಿ ಜಾಗವಿಲ್ಲ. ವಿಂಡೋಸ್‌ನ ಈ-ಸ್ವೋರ್ಡ್‌ನಂಥ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಈ ನಂಬರುಗಳು ಅಂಟಿರುವುದು ಕಿಂಗ್ ಜೇಮ್ಸ್ ಎಂಬ ಇಂಗ್ಲಿಷ್ ಅನುವಾದಕ್ಕೆ. ಅದರಲ್ಲಿ ಹುಡುಕಿ, ಪಕ್ಕದ ಕಿಟಕಿಯಲ್ಲಿ ಅದೇ ವಚನವನ್ನು ಕನ್ನಡದಲ್ಲಿ ಓದಿಸಬೇಕು. ಮಕ್ಕಳಿಗೆ ಇದು ಬಲು ಇಷ್ಟ. ಓದುವುದಲ್ಲ, ನಂಬರ್ ಒತ್ತುವುದು.

ಕನ್ನಡ ಪಠ್ಯವನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಜೂನ್ ಮಳೆಗೆ ನೆಟ್ ನಂಬುವ ಹಾಗಿಲ್ಲ. ಇಳಿಸುವಾಗ ಪುಸ್ತಕಗಳ ಪಟ್ಟಿಯನ್ನೂ ನೋಡಿ: ಪ್ರೊಟೆಸ್ಟೆಂಟ್ ಪಠ್ಯದಲ್ಲಿ 66, ಕಥೋಲಿಕರದ್ದರಲ್ಲಿ 73. ಬೇಳದ ಕಥೋಲಿಕ ಇಗರ್ಜಿಗೆ ಹೋಗುವ ಮನೆಯ ಮಗು, 73ರಲ್ಲಿ ಮಾತ್ರ ಇರುವ ತೋಬಿತನ ಪುಸ್ತಕದ ನಾಯಿಯನ್ನು 66ರಲ್ಲಿ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ. ಓದಿಹೇಳುವ ಧ್ವನಿಯನ್ನು ಹಾಕುವುದಾದರೆ ಅಧ್ಯಾಯ-ವಚನದ ಅಂಕೆಗಳನ್ನು ಅಡಗಿಸಿಡಿ. ಇಲ್ಲವಾದರೆ 3:16 ಎಂಬುದು ಮೂರು ಗಂಟೆ ಹದಿನಾರು ನಿಮಿಷ ಆದೀತು.

ಕೊನೆಗೆ ಪರದೆ ಮುಚ್ಚಿ ಅಂಗಳಕ್ಕೆ ಇಳಿಯಿರಿ. ನಾವೆಯ ಅಳತೆ ಆದಿಕಾಂಡ 6:15ರಲ್ಲಿದೆ: 300 ಮೊಳ ಉದ್ದ, 50 ಅಗಲ, 30 ಎತ್ತರ. ದೊಡ್ಡವರ ಮೊಳ 45 ಸೆಂ.ಮೀ. ಅಂತ ಹಿಡಿದರೆ ಉದ್ದ 135 ಮೀಟರ್. ಮಕ್ಕಳು ತಮ್ಮ ಕೈಯಲ್ಲೇ ಅಳೆಯುತ್ತೇವೆ ಎಂದು ಹಟ ಹಿಡಿಯುತ್ತಾರೆ. ಅವರ ಮೊಳ 30 ಸೆಂ.ಮೀ. ಇದ್ದರೆ ನಾವೆ 90 ಮೀಟರಿಗೇ ಮುಗಿಯುತ್ತದೆ. ಜಾಗ ಸಾಲದು, ಯಾವ ಪ್ರಾಣಿಯನ್ನು ಬಿಡುವುದೆಂದು ಜಗಳ ಶುರು. ಸಾಮಾನ್ಯವಾಗಿ ಮೊದಲು ಇಳಿಯಬೇಕಾಗುವುದು ತಂಗಿಯ ಬೆಕ್ಕು.