ಕತ್ತರಿ ಪ್ರಯೋಗ

ನಮ್ಮ ಬೀದಿಯ ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕತ್ತರಿಯನ್ನು ದಾರ ಕಟ್ಟಿ ನೇತುಹಾಕಿದ್ದಾರೆ. ಮೊನ್ನೆ ನನ್ನ ಮುಂದಿದ್ದವರು “ಗಂಟಲು ಕೆರೆತ, ಏನಾದರೂ ಕೊಡಪ್ಪ” ಎಂದರು. ಜ್ವರ ಇದೆಯೇ, ಎಷ್ಟು ದಿನವಾಯಿತು ಎಂಬ ಅಧಿಕಪ್ರಸಂಗವನ್ನೆಲ್ಲ ಹುಡುಗ ಮಾಡಲಿಲ್ಲ. ಅಜಿತ್ರೋಮೈಸಿನ್ ಎಂಬ, ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್ ಮಾತ್ರೆಯ ಪಟ್ಟಿ ತೆಗೆದು ಎರಡು ಮಾತ್ರೆ ಕತ್ತರಿಸಿದ. ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂದು ಅದರ ಬೆನ್ನಿಗೆ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ರಿಬ್ಬನ್ ಕತ್ತರಿಸುವ ಮಂತ್ರಿಗಳ ಗಾಂಭೀರ್ಯದಲ್ಲಿ ಹುಡುಗ ಆ ಗೆರೆಯ ಮೇಲೆಯೇ ಕತ್ತರಿ ಆಡಿಸಿದ.

ಕತ್ತರಿಯೆಂದರೆ 2023ರಲ್ಲಿ ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ಆಡಿಸಿದ್ದು ಇನ್ನೂ ಚೂಪಾದದ್ದು. ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಬರೀ ‘ಅನುವಂಶೀಯತೆ’ಯಾಗಿ ಉಳಿಯಿತು. ಮಕ್ಕಳ ಹೊರೆ ಇಳಿಸುವುದಕ್ಕಂತೆ. ಎಂಥ ತಾಯಿಕರುಳು! ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡವೆಂದು ಪತ್ರ ಬರೆದರು. ಬೇಕಾದವರು ಹನ್ನೆರಡನೆಯ ತರಗತಿಯಲ್ಲಿ ಓದಿಕೊಳ್ಳಬಹುದಲ್ಲ ಎಂದು ಸಮಾಧಾನ ಬಂತು. ರೋಗಾಣುಗಳಿಗೆ ಮಾತ್ರ ಸುತ್ತೋಲೆ ತಲುಪಿದಂತಿಲ್ಲ. ಅನುಕೂಲವಿದ್ದರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಮೇಷ್ಟ್ರು ಒಂದು ಪೀರಿಯಡ್ ಮುಗಿಸುವಷ್ಟರಲ್ಲಿ ಅದು ಮೊಮ್ಮಕ್ಕಳನ್ನು ಕಂಡಿರುತ್ತದೆ.

ಇದಕ್ಕೂ ಮೊದಲು, 2018ರಲ್ಲಿ, ಆಗ ಕೇಂದ್ರ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಎಂದಿದ್ದರು. ಮುಂಬೈನ ಪೊಲೀಸ್ ಕಮಿಷನರ್ ಆಗಿದ್ದವರು. ಪ್ರತ್ಯಕ್ಷ ಸಾಕ್ಷಿ ಕೇಳುವುದು ಅಭ್ಯಾಸಬಲ. ಸಾಕ್ಷಿಗೇನು ಬರವೇ? ಯಾವ ದೊಡ್ಡಾಸ್ಪತ್ರೆಯ ಪ್ರಯೋಗಾಲಯಕ್ಕಾದರೂ ಹೋಗಲಿ. ಗಾಜಿನ ತಟ್ಟೆಯಲ್ಲಿ ರೋಗಾಣು ಬಿತ್ತಿ, ನಡುನಡುವೆ ಔಷಧಿಯಲ್ಲಿ ಅದ್ದಿದ ಪುಟ್ಟ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಯಲು. ನಾಟದಿದ್ದರೆ ಬಿಲ್ಲೆಗೆ ಒತ್ತಿಕೊಂಡೇ ಮಳೆಗಾಲದ ಪಾಚಿಯ ಹಾಗೆ ಬೆಳೆ. ಆಮೇಲೆ ವರದಿಯಲ್ಲಿ ಒಂದರ ಕೆಳಗೊಂದು ‘ಆರ್’, ‘ಆರ್’, ‘ಆರ್’. ಅಂದರೆ ಈ ಔಷಧಿಗೂ ಬಗ್ಗುವುದಿಲ್ಲ, ಅದಕ್ಕೂ ಬಗ್ಗುವುದಿಲ್ಲ.

ನಮ್ಮ ಪುರಾಣದಲ್ಲಿ ಎಲ್ಲವೂ ಇದೆ ಎನ್ನುವವರಿಗೆ ರಕ್ತಬೀಜಾಸುರ ನೆನಪಾಗಬೇಕಿತ್ತು. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತಕ್ಕೂ ಒಬ್ಬೊಬ್ಬ ಅಸುರ. ಕಾಳಿ ನಾಲಿಗೆ ಚಾಚಿ ಹನಿಯೂ ಬೀಳದಂತೆ ಹೀರಿದಳು. ಆಕೆ ನಮ್ಮ ಬೀದಿಯ ಅಂಗಡಿಯಲ್ಲಿ ವಿಚಾರಿಸಿದ್ದರೆ “ಎರಡು ಹನಿ ಸಾಕಮ್ಮ, ಹಗುರಾಗುತ್ತದೆ” ಎನ್ನುತ್ತಿದ್ದರು. ಪಾಪ, ರಕ್ತಬೀಜನ ಮರಿಗಳೆಲ್ಲ ಅವನಷ್ಟೇ ಬಲದವು. ಇಲ್ಲಿ ಹಾಗಲ್ಲ. ಅರೆಬರೆ ಔಷಧಿಗೆ ಮೆತ್ತನೆಯವು ಸಾಯುತ್ತವೆ, ಗಟ್ಟಿ ಪಿಂಡಗಳು ಉಳಿದು ಸಂಸಾರ ಹೂಡುತ್ತವೆ. ಡಾರ್ವಿನ್ ಹೇಳಿದ್ದು ಇಷ್ಟೇ. ಗಂಟಲು ಕೆರೆತಕ್ಕೆ ಹೆಚ್ಚಿನ ಸಲ ಕಾರಣ ವೈರಸ್. ಅದಕ್ಕೆ ಈ ಮಾತ್ರೆ ಏನೂ ಮಾಡದು. ಕರುಳಿನಲ್ಲಿ ತಮ್ಮ ಪಾಡಿಗಿದ್ದ ಬ್ಯಾಕ್ಟೀರಿಯಾಗಳಿಗೆ ಪುಕ್ಕಟೆ ಗರಡಿ ತೆರೆದು ಕೊಡುತ್ತದೆ.

1945ರ ನೊಬೆಲ್ ಭಾಷಣದಲ್ಲಿ, ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ‘ಮಿಸ್ಟರ್ ಎಕ್ಸ್’ ಎಂಬೊಬ್ಬನ ಕತೆ ಹೇಳಿದ್ದರು. ಗಂಟಲು ನೋವೆಂದು ಅವನೇ ಪೆನ್ಸಿಲಿನ್ ಕೊಂಡು ಸಾಲದಷ್ಟು ನುಂಗುತ್ತಾನೆ. ಸಾಯದೆ ಪಳಗಿದ ರೋಗಾಣು ಹೆಂಡತಿಗೆ ತಗಲುತ್ತದೆ. ಆಕೆಗೆ ಪೆನ್ಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಆ ಮಿಸ್ಟರ್ ಎಕ್ಸ್ ಮೊನ್ನೆ ನನ್ನ ಮುಂದೆ, ಕೈಚೀಲ ಹಿಡಿದು ನಿಂತಿದ್ದರು.

ಕಾರ್ಬಪೆನೆಮ್‌ನಂಥ ಕೊನೆಯ ಅಸ್ತ್ರಗಳನ್ನೂ ತುಂಡರಿಸುವ, ರೋಗಾಣುಗಳ ಕಿಣ್ವವೊಂದಕ್ಕೆ ವಿಜ್ಞಾನಿಗಳು ನವದೆಹಲಿಯ ಹೆಸರಿಟ್ಟದ್ದು 2010ರಲ್ಲಿ ದೊಡ್ಡ ಸುದ್ದಿಯಾದಾಗ, ನಮ್ಮವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಿಣ್ವದ ಮೇಲಲ್ಲ, ಹೆಸರಿನ ಮೇಲೆ. ರಾಜಧಾನಿಯ ಮಾನ ಹೋಯಿತು, ವೈದ್ಯಕೀಯ ಪ್ರವಾಸಕ್ಕೆ ಪೆಟ್ಟು, ಇದೆಲ್ಲ ಸಂಚು.

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮೂರು ದಿನದ ಕೂಸಿಗೆ ನಂಜೇರಿ, ಕೊಟ್ಟ ಔಷಧಿಯೊಂದೂ ಹಿಡಿಯುತ್ತಿಲ್ಲ ಎಂದು ವೈದ್ಯರು ಹೊರಗೆ ಬಂದು ಹೇಳುತ್ತಾರೆ. ಆ ಕೂಸು ಯಾವ ಅಂಗಡಿಗೂ ಹೋಗಿರಲಿಲ್ಲ. ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಯಾರ ಮಾನದ ಮಾತಾಡುತ್ತೀರಿ?

ಇರಲಿ. ಮಿಸ್ಟರ್ ಎಕ್ಸ್ ಅವರಿಗೆ ಹುಡುಗ ಐದು ರೂಪಾಯಿ ಕೊಡಬೇಕಿತ್ತು. ಚಿಲ್ಲರೆ ಇರಲಿಲ್ಲ. ಒಂದು ಕ್ಷಣ ಯೋಚಿಸಿ, ಮತ್ತೆ ಕತ್ತರಿ ಎತ್ತಿಕೊಂಡ.