ಭಾವನ ವೆಬ್‌ಸೈಟಿಗೆ ಬಿದ್ದ ಪೊರಕೆ

ಮಂಡ್ಯದಲ್ಲಿ ನಮ್ಮ ಭಾವನದು ಶಾಮಿಯಾನ ಮತ್ತು ಅಡುಗೆ ಕಂಟ್ರಾಕ್ಟು. ಮದುವೆಯಿರಲಿ, ತಿಥಿಯಿರಲಿ, ಬೀಗರೂಟವಿರಲಿ, ಪೆಂಡಾಲಿನಿಂದ ಬೀಡಾದವರೆಗೆ ಅವರದೇ. ಅದಕ್ಕೊಂದು ವೆಬ್‌ಸೈಟೂ ಇದೆ. ಬಡಿಸಿದ ಪ್ರತಿ ಎಲೆಯ ಫೋಟೋ ಅಲ್ಲಿಗೆ ಏರಲೇಬೇಕು, ಅದೂ ಪಂಕ್ತಿವಾರು.

ಆ ಸೈಟನ್ನು ನಡೆಸುವ ಸಾಫ್ಟ್‌ವೇರು ವರ್ಡ್‌ಪ್ರೆಸ್. ಅದೇನು ಕಮ್ಮಿಯೇ? ಫೋನಿನಲ್ಲಿ ತೆಗೆದ ದೊಡ್ಡ ಫೋಟೋ ಒಂದು ಕೊಟ್ಟರೆ 150 ಪಿಕ್ಸೆಲ್‌ನದೊಂದು, 300ರದೊಂದು, ಆಮೇಲೆ 768, 1024 ಅಂತ ಮರಿ ಮಾಡುತ್ತದೆ. 2019ರಲ್ಲಿ 5.3ನೇ ಆವೃತ್ತಿ ಬಂದಮೇಲೆ 1536, 2048, 2560 ಕೂಡ ಸೇರಿಕೊಂಡವು. ಮೂಲದ್ದೂ ಸೇರಿ ಎಂಟು ಫೈಲು. ಕಬ್ಬಿನ ತುಂಡು ನೆಟ್ಟರೆ ಬುಡದಲ್ಲಿ ಮರಿ ಒಡೆಯುವ ಹಾಗೆ. ಭಾವ ಮರೆತು ಅದೇ ಫೋಟೋ ಮತ್ತೆ ಏರಿಸಿದರೆ ಹೆಸರಿನ ಬಾಲಕ್ಕೆ ‘-1’ ಅಂಟಿಸಿಕೊಂಡು ಇನ್ನೆಂಟು.

ಜಾಗ ಮುಗಿಯಿತು, ಹೆಚ್ಚಿಗೆ ದುಡ್ಡು ಕಟ್ಟಿ ಅಂತ ಸರ್ವರ್‌ನವರ ಮೇಲ್ ಬಂತು.

“ದುಡ್ಡಾ? ಪಾಯಸದ್ ಫೋಟೋ ಮಡಗಕ್ಕಾ?” ಅಂದ ಭಾವ, ಇಂಜಿನಿಯರಿಂಗ್ ಓದುತ್ತಿರುವ ಮಗನ ಕೈಲಿ ಒಂದು ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಸಿಕ್ಕಿಸುವ ಪುಟ್ಟ ಸಾಫ್ಟ್‌ವೇರು, ಹಾಕಿಸಿದರು. ಬಳಕೆಯಲ್ಲಿಲ್ಲದ ಫೈಲುಗಳನ್ನು ರಾತ್ರಿ ಹೊತ್ತು ತಾನೇ ಹುಡುಕಿ ಅಳಿಸುತ್ತದಂತೆ. ಮೊದಲು ಪಟ್ಟಿ ತೋರಿಸಿ ಕೇಳುವ ಏರ್ಪಾಡೂ ಇತ್ತು. ಅದನ್ನು ಓದುವ ವ್ಯವಧಾನ ಅಪ್ಪನಿಗೂ ಇಲ್ಲ, ಮಗನಿಗೂ ಇಲ್ಲ.

ಬೆಳಗ್ಗೆ ಅಕ್ಕನ ಫೋನು. “ಲೋ, ನಮ್ಮ ಮಾವನೋರೇ ಇಲ್ಲ ಕಣೋ!”

ಮಾವನವರು ತೀರಿಕೊಂಡು ಬಹಳ ಕಾಲವಾಯಿತು. ಅಕ್ಕ ಹೇಳಿದ್ದು ಸೈಟಿನ ನೆತ್ತಿಯ ಮೇಲಿದ್ದ ಅವರ ಹಾರ ಹಾಕಿದ ಫೋಟೋ ಬಗ್ಗೆ. ಅದನ್ನು ಕೂರಿಸಿದ್ದು ಥೀಮಿನ, ಅಂದರೆ ಸೈಟಿನ ಅಂದಚೆಂದ ನೋಡಿಕೊಳ್ಳುವ ಭಾಗದ, ಸೆಟ್ಟಿಂಗ್‌ನಲ್ಲಿ. ಪ್ಲಗಿನ್ ಇಣುಕಿದ್ದು ಪೋಸ್ಟು, ಪುಟಗಳಲ್ಲಿ ಮಾತ್ರ. ಸಂಸ್ಥಾಪಕರೇ ಬಳಕೆಯಲ್ಲಿಲ್ಲ ಅಂತ ತೀರ್ಮಾನವಾಗಿಬಿಟ್ಟಿತ್ತು. ಲೋಗೋಗೂ ಅದೇ ಗತಿ. ವರ್ಡ್‌ಪ್ರೆಸ್‌ನಲ್ಲಿ ಬರಹ ಅಳಿಸಿದರೆ 30 ದಿನ ಕಸದಬುಟ್ಟಿಯಲ್ಲಿ ಕೂತು ಕಾಯುತ್ತದೆ. ಫೋಟೋಗೆ, ನಾವಾಗಿ ಏರ್ಪಾಡು ಮಾಡದಿದ್ದರೆ, ಆ ಬುಟ್ಟಿಯೂ ಇಲ್ಲ, ನೇರ ಕೈಲಾಸ. ಉಳಿದುಕೊಂಡಿದ್ದೇನು ಗೊತ್ತೇ? ಕ್ಯಾಮೆರಾಗೆ ಅಡ್ಡ ಬಂದ ಭಾವನ ಹೆಬ್ಬೆರಳು! ಯಾವುದೋ ಅರ್ಧ ಬರೆದ ಡ್ರಾಫ್ಟಿನಲ್ಲಿ ಸಿಕ್ಕಿಕೊಂಡಿತ್ತಲ್ಲ, ಅದು ‘ಬಳಕೆಯಲ್ಲಿದೆ’.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಊಟದ ರೇಟಿನ ಪಿಡಿಎಫ್‌ಗೆ. ಸೈಟಿನ ಯಾವ ಪುಟದಲ್ಲೂ ಅದರ ಲಿಂಕಿಲ್ಲ, ನಿಜ. ಆದರೆ ಭಾವ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದದ್ದೇ ಆ ಲಿಂಕು. ಇಡೀ ಸೈಟಿನಲ್ಲಿ ಜನ ನಿಜಕ್ಕೂ ತೆರೆದು ನೋಡುತ್ತಿದ್ದ ಫೈಲು ಬಹುಶಃ ಅದೊಂದೇ. ಪಾಯಸದ ಫೋಟೋ ಯಾರು ನೋಡುತ್ತಾರೆ?

ಸರ್ವರ್‌ನವರ ಹತ್ತಿರ ಹಿಂದಿನ ದಿನದ ಬ್ಯಾಕಪ್ ಇತ್ತು, ಪುಣ್ಯ. ವಾಪಸ್ ತರಲು ನಾನು ಕೂತೆ. ಮಾವನವರು ಬಂದರು, ಲೋಗೋ ಬಂತು. ಭಾವ ಪಕ್ಕಕ್ಕೆ ಬಂದು ಮೆಲ್ಲಗೆ, “ಬಾಮೈದ, ಆ ರೇಟಿಂದು ಒಂದ್ ಬುಟ್ಬುಡ್ಲಾ,” ಅಂದರು. ವಿಷಯ ಏನೆಂದರೆ, ಅದು ಕೊರೋನಾಗಿಂತ ಮುಂಚಿನ ರೇಟು. ಒಬ್ಬಟ್ಟಿನೂಟ ಎಲೆಗೆ 120 ರೂಪಾಯಿ. ಪ್ರತಿ ಗಿರಾಕಿಯೂ ಅದನ್ನೇ ಹಿಡಿದು ಚೌಕಾಸಿ ಮಾಡುತ್ತಿದ್ದನಂತೆ. “ಮಿಸೀನೇ ಅಳಿಸ್ತು ಅಂದ್ರೆ ಯಾರ್ ಏನ್ ಅಂದಾರು?”

ಬಿಟ್ಟೆ. ಮಧ್ಯಾಹ್ನ ಮಳವಳ್ಳಿಯಿಂದ ಗಿರಾಕಿಯೊಬ್ಬರ ಫೋನು, ಸ್ಪೀಕರಿನಲ್ಲಿ: “ಸಾ, ನಿಮ್ ಲಿಂಕ್ ಓಪನ್ ಆಯ್ತಿಲ್ಲ. ತಲೆ ಕೆಡಿಸ್ಕಬ್ಯಾಡಿ, ನಾನ್ ಆಗ್ಲೇ ಡೌನ್‌ಲೋಡ್ ಮಾಡಿ ಮಡಗಿವ್ನಿ. ನಿಮ್ಗೂ ಕಳಿಸ್ಲಾ?”